ಮಳೆ ಸುರಿದರೆ ಜಿಂಕೆಗೆ ಆಪತ್ತು ಹೆಚ್ಚೇಕೆ? ನುಂಗಂಬಾಕ್ಕಂ ಮುನ್ಸೂಚನೆಯಿಂದ ಗಡಿ ಕಾಡಿನ ಕಳ್ಳಬೇಟೆವರೆಗೆ

ಅಕ್ಟೋಬರ್ ಬಂತೆಂದರೆ ಸಾಕು, ಚೆನ್ನೈನ ನುಂಗಂಬಾಕ್ಕಂ ಹೆಸರು ದಿನಕ್ಕೆ ನಾಲ್ಕು ಬಾರಿಯಾದರೂ ಸುದ್ದಿಯಲ್ಲಿ ಕೇಳುತ್ತದೆ. ಅಲ್ಲಿನ ಕಾಲೇಜು ರಸ್ತೆಯಲ್ಲಿರುವ ಪ್ರಾದೇಶಿಕ ಹವಾಮಾನ ಕೇಂದ್ರ ಮಳೆ ಎಷ್ಟು ಬಿತ್ತು, ಇನ್ನೆಷ್ಟು ಬೀಳಲಿದೆ ಎಂಬ ಲೆಕ್ಕ ಕೊಡುತ್ತದೆ. ಶಾಲೆಗೆ ರಜೆ ಸಿಗುತ್ತದೆಯೇ, ರೈಲು ಸಮಯಕ್ಕೆ ಓಡುತ್ತದೆಯೇ, ರಸ್ತೆಯಲ್ಲಿ ನೀರು ನಿಲ್ಲುತ್ತದೆಯೇ ಎಂದು ನಗರದ ಜನ ಆ ಲೆಕ್ಕವನ್ನು ನೋಡುತ್ತಾರೆ. ಅದೇ ಮೋಡಗಳು ಪಶ್ಚಿಮಕ್ಕೆ ಸರಿದು ಸತ್ಯಮಂಗಲ, ಮಲೆ ಮಹದೇಶ್ವರ ಬೆಟ್ಟ, ಕಾವೇರಿ ವನ್ಯಜೀವಿ ಧಾಮಗಳ ಮೇಲೂ ಸುರಿಯುತ್ತವೆ. ಅಲ್ಲಿ ಮಳೆ ನೋಡಿಕೊಂಡು ಲೆಕ್ಕ ಹಾಕುವ ಇನ್ನೊಂದು ವರ್ಗವಿದೆ. ಅದು ಜಿಂಕೆ, ಕಡವೆ ಮಾಂಸಕ್ಕಾಗಿ ಕಾಡಿಗೆ ನುಗ್ಗುವ ಕಳ್ಳಬೇಟೆಗಾರರದ್ದು.

ಮಳೆಗೂ ಜಿಂಕೆ ಬೇಟೆಗೂ ಏನು ಸಂಬಂಧ? ಮಳೆ ಬಂದರೆ ಬೇಟೆ ಸುಲಭವೋ, ಕಷ್ಟವೋ? ಕಾನೂನು ಏನು ಹೇಳುತ್ತದೆ? ಇಲ್ಲಿದೆ ವಿವರ.

ನುಂಗಂಬಾಕ್ಕಂನಲ್ಲೇ ಯಾಕೆ ಲೆಕ್ಕ?

ಈ ಜಾಗಕ್ಕೆ ಎರಡು ಶತಮಾನ ದಾಟಿದ ಇತಿಹಾಸವಿದೆ. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಮದ್ರಾಸ್ ಖಗೋಳ ವೀಕ್ಷಣಾಲಯವನ್ನು ಕಟ್ಟಿದ್ದು ಇಲ್ಲೇ. ಆ ಕಾಲದ ಗ್ರಾನೈಟ್ ಕಂಬ ಹವಾಮಾನ ಕೇಂದ್ರದ ಆವರಣದಲ್ಲಿ ಇಂದಿಗೂ ಇದೆ. ಚೆನ್ನೈ ನಗರದ ಮಳೆ ಎಂದರೆ ಮುಖ್ಯವಾಗಿ ನುಂಗಂಬಾಕ್ಕಂ ಮತ್ತು ವಿಮಾನ ನಿಲ್ದಾಣವಿರುವ ಮೀನಂಬಾಕ್ಕಂ, ಈ ಎರಡು ಕೇಂದ್ರಗಳ ಅಳತೆ. 2015ರ ನವೆಂಬರ್ ಒಂದೇ ತಿಂಗಳಲ್ಲಿ ನುಂಗಂಬಾಕ್ಕಂನಲ್ಲಿ 1000 ಮಿಲಿಮೀಟರ್‌ಗೂ ಹೆಚ್ಚು ಮಳೆ ದಾಖಲಾಗಿತ್ತು. ಕರ್ನಾಟಕವೂ ಈ ಪ್ರಾದೇಶಿಕ ಕೇಂದ್ರದ ವ್ಯಾಪ್ತಿಗೇ ಸೇರುತ್ತದೆ ಎಂಬುದು ಹಲವರಿಗೆ ಗೊತ್ತಿರಲಿಕ್ಕಿಲ್ಲ.

ಕಾಡಿನ ವಿಷಯಕ್ಕೆ ಬಂದರೆ ಇಲ್ಲೊಂದು ಅಂಶ ಗಮನಿಸಬೇಕು. ಮಲೆನಾಡು, ಕೊಡಗಿನ ಕಾಡುಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರೇ ದೊಡ್ಡ ಮಳೆ. ಚಾಮರಾಜನಗರದ ಪೂರ್ವಕ್ಕಿರುವ ಗಡಿ ಕಾಡುಗಳಿಗೆ ಹಿಂಗಾರು ಕೂಡ ಅಷ್ಟೇ ಮುಖ್ಯ. ಹೀಗಾಗಿ ಕರ್ನಾಟಕ, ತಮಿಳುನಾಡು, ಕೇರಳ ಮೂರೂ ರಾಜ್ಯಗಳ ಕಾಡು ಕೂಡುವ ಈ ಪ್ರದೇಶವನ್ನು ಒಟ್ಟಾಗಿ ನೋಡಿದರೆ ಜೂನ್‌ನಿಂದ ಡಿಸೆಂಬರ್‌ವರೆಗೆ ಒಂದಲ್ಲ ಒಂದು ಕಡೆ ಮಳೆ ಇದ್ದೇ ಇರುತ್ತದೆ. ಕಾವಲು ಕಾಯುವವರಿಗೆ ಬಿಡುವು ಸಿಗದಿರುವುದು ಇದೇ ಕಾರಣಕ್ಕೆ.

ಮಳೆಯಲ್ಲಿ ಜಿಂಕೆಗೆ ಆಗುವುದೇನು?

ಜಿಂಕೆ ಬದುಕಿರುವುದೇ ಕಿವಿ, ಮೂಗು, ಕಣ್ಣುಗಳ ಭರವಸೆಯಲ್ಲಿ. ಒಣಗಿದ ತರಗೆಲೆಯ ಮೇಲೆ ಯಾರಾದರೂ ಕಾಲಿಟ್ಟರೆ ಆ ಸಪ್ಪಳ ದೂರಕ್ಕೆ ಕೇಳುತ್ತದೆ. ಬೇಸಿಗೆಯ ಕುರುಚಲು ಕಾಡಿನಲ್ಲಿ ಸದ್ದಿಲ್ಲದೆ ಜಿಂಕೆಯ ಹತ್ತಿರ ಹೋಗುವುದು ಹುಲಿಗೂ ಸುಲಭವಲ್ಲ. ಮಳೆ ಬಿದ್ದು ತರಗೆಲೆ ನೆನೆದರೆ ನೆಲ ಮೆತ್ತಗಾಗುತ್ತದೆ, ಹೆಜ್ಜೆಯ ಸದ್ದು ಅಡಗುತ್ತದೆ. ಎಲೆಗಳ ಮೇಲೆ ಹನಿ ಬೀಳುವ ನಿರಂತರ ಶಬ್ದ ಉಳಿದ ಸದ್ದುಗಳನ್ನೆಲ್ಲ ನುಂಗಿಬಿಡುತ್ತದೆ.

ವಾಸನೆಯದ್ದು ಸ್ವಲ್ಪ ಬೇರೆ ಲೆಕ್ಕ. ಗಾಳಿಯಲ್ಲಿ ತೇವಾಂಶ ಇದ್ದಾಗ, ಅಂದರೆ ತುಂತುರು ಮಳೆಯಲ್ಲಿ ಅಥವಾ ಮಳೆ ನಿಂತ ಕೂಡಲೇ, ವಾಸನೆ ಚೆನ್ನಾಗಿಯೇ ಹರಡುತ್ತದೆ. ಜೋರು ಮಳೆಯಲ್ಲಿ ಮಾತ್ರ ಅದು ನೆಲಕ್ಕೆ ಇಳಿದು ತೊಳೆದುಹೋಗುತ್ತದೆ. ಗಾಳಿ ದಿಕ್ಕು ಬದಲಿಸುತ್ತಿದ್ದರೆ ವಾಸನೆ ಎತ್ತ ಕಡೆಯಿಂದ ಬಂತೆಂದು ಪ್ರಾಣಿಗೆ ತಿಳಿಯುವುದು ಕಷ್ಟ.

ಹಾಗೆಂದು ಜಿಂಕೆ ಸುಮ್ಮನೆ ನಿಂತು ಸಾಯುವುದಿಲ್ಲ. ಕಿವಿ, ಮೂಗು ಕೈಕೊಟ್ಟಾಗ ಅದು ಕಣ್ಣನ್ನು ನಂಬುತ್ತದೆ. ಮಳೆಯ ಹೊತ್ತಿನಲ್ಲಿ ಚುಕ್ಕೆ ಜಿಂಕೆಗಳ ಹಿಂಡು ದಟ್ಟ ಪೊದೆ ಬಿಟ್ಟು ಹುಲ್ಲುಗಾವಲು, ಕೆರೆಯಂಗಳ, ಕಾಡುರಸ್ತೆಯ ಬದಿಯಂಥ ಬಯಲು ಜಾಗಕ್ಕೆ ಬರುವುದನ್ನು ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿಗೆ ಹೋದವರು ನೋಡಿರುತ್ತಾರೆ. ಬಯಲಿನಲ್ಲಿ ಹುಲಿ, ಚಿರತೆ, ಸೀಳುನಾಯಿ ದೂರದಿಂದಲೇ ಕಾಣುತ್ತವೆ. ಎಲೆಯಿಂದ ತೊಟ್ಟಿಕ್ಕುವ ನೀರು, ಉಣ್ಣೆ, ಸೊಳ್ಳೆಗಳ ಕಾಟವೂ ಅಲ್ಲಿ ಕಡಿಮೆ. ಹುಲಿಯಿಂದ ಉಳಿಯಲು ಬಯಲಿಗೆ ಬಂದ ಹಿಂಡು ಕೋವಿ ಹಿಡಿದವನಿಗೆ ಸುಲಭವಾಗಿ ಕಾಣುವ ಗುರಿಯಾಗುತ್ತದೆ. ಇರುಳಲ್ಲಿ ಬ್ಯಾಟರಿ ಬೆಳಕು ಬಿಟ್ಟರೆ ಹಿಂಡಿನ ಕಣ್ಣುಗಳೆಲ್ಲ ಹೊಳೆಯುತ್ತವೆ.

ಬೇಟೆಗಾರನಿಗೂ ಮಳೆ ಶತ್ರುವೇ

ಮಳೆ ಎಂದರೆ ಕಳ್ಳಬೇಟೆಗಾರರಿಗೆ ಹಬ್ಬ ಎಂಬ ಮಾತು ಪೂರ್ತಿ ನಿಜವಲ್ಲ. ಬೇಸಿಗೆಯಲ್ಲಿ ಕಾಡಿನಲ್ಲಿ ನೀರಿರುವುದು ಬೆರಳೆಣಿಕೆಯ ಕೆರೆಗಳಲ್ಲಿ. ಜಿಂಕೆ ಎಲ್ಲೇ ಇದ್ದರೂ ಅಲ್ಲಿಗೆ ಬರಲೇಬೇಕು. ಮಳೆ ಬಿದ್ದ ಮೇಲೆ ಹಳ್ಳ, ಗುಂಡಿ, ಹೊಂಡ ಎಲ್ಲ ಕಡೆ ನೀರು, ಎಲ್ಲ ಕಡೆ ಚಿಗುರು ಹುಲ್ಲು. ಹಿಂಡುಗಳು ಚದುರಿ ಹೋಗುತ್ತವೆ, ಪ್ರಾಣಿ ಎಲ್ಲಿದೆ ಎಂದು ಊಹಿಸುವುದೇ ಕಷ್ಟ.

ಆಯುಧದ ತೊಂದರೆಯೂ ಇದೆ. ಕಳ್ಳಬೇಟೆಯಲ್ಲಿ ಸಿಕ್ಕಿಬೀಳುವ ಕೋವಿಗಳಲ್ಲಿ ನಾಡಿನಲ್ಲೇ ತಯಾರಾದ, ನಳಿಕೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗಳು ಇದ್ದೇ ಇರುತ್ತವೆ. ಮದ್ದು ಸ್ವಲ್ಪ ನೆನೆದರೂ ಅದು ಸಿಡಿಯುವುದಿಲ್ಲ. ಅದಕ್ಕೇ ಇಂಥವರು ಸುರಿಯುವ ಮಳೆಯಲ್ಲಿ ಹೊರಡುವುದಕ್ಕಿಂತ ಮಳೆ ಹೊಳವಾಗುವುದನ್ನು ಕಾಯುತ್ತಾರೆ. ಹಗಲೆಲ್ಲ ಸುರಿದು ಸಂಜೆ ಬಿಟ್ಟ ಮಳೆ, ಹಸಿ ನೆಲ, ಮೇಯಲು ಹೊರಬಂದ ಹಿಂಡು. ಅಪಾಯದ ಹೊತ್ತು ಎಂದರೆ ಇದು.

ಕೋವಿಗಿಂತ ದೊಡ್ಡ ಅಪಾಯ ಉರುಳಿನದ್ದು. ಹಳೆ ಬ್ರೇಕ್ ವೈರ್ ಅಥವಾ ತಂತಿಯಿಂದ ಮಾಡಿದ ಕುಣಿಕೆಗೆ ಮಳೆಯ ಹಂಗಿಲ್ಲ, ಸದ್ದೂ ಇಲ್ಲ. ಹಿಂಗಾರಿನ ಹೊತ್ತಿಗೆ ಕಾಡಂಚಿನ ಹೊಲಗಳಲ್ಲಿ ರಾಗಿ ತೆನೆ ಕಟ್ಟಿರುತ್ತದೆ, ಹುರುಳಿ, ಅವರೆ ಹಬ್ಬಿರುತ್ತದೆ. ಜಿಂಕೆ, ಕಾಡುಹಂದಿ ಬೇಲಿ ನುಸುಳಿ ಬರುವ ಜಾಡು ಹಸಿ ಮಣ್ಣಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಜಾಡಿಗೆ ಕುಣಿಕೆ ಕಟ್ಟಿ ಮನೆಗೆ ಹೋದರಾಯಿತು. ಕಟ್ಟಿದವನು ಬೆಳೆ ಉಳಿಸಲು ಕಟ್ಟಿದನೋ, ಮಾಂಸಕ್ಕೆ ಕಟ್ಟಿದನೋ, ಹಲವು ಬಾರಿ ಎರಡೂ ಒಂದೇ.

ಆದರೆ ಉರುಳಿಗೆ ಜಿಂಕೆ ಯಾವುದು, ಹುಲಿ ಯಾವುದು ಎಂದು ಗೊತ್ತಾಗುವುದಿಲ್ಲ. 2022ರ ನವೆಂಬರ್‌ನಲ್ಲಿ ನಾಗರಹೊಳೆಯ ಅಂತರಸಂತೆ ವಲಯದ ಭಾಗದಲ್ಲಿ ಮರಿಗಳಿದ್ದ ಹೆಣ್ಣು ಹುಲಿಯೊಂದು ಉರುಳಿಗೆ ಸಿಕ್ಕಿ ಪ್ರಾಣ ಬಿಟ್ಟಿತು. ತಾಯಿ ಇಲ್ಲದ ಮರಿಗಳಿಗಾಗಿ ಅರಣ್ಯ ಸಿಬ್ಬಂದಿ ದಿನಗಟ್ಟಲೆ ಹುಡುಕಾಡಬೇಕಾಯಿತು.

ಕೆಸರೇ ಬಲೆಯಾದಾಗ

ಇನ್ನೊಂದು ಬಗೆಯ ಮಳೆ ಬೇಟೆಗೆ ಕೋವಿಯೂ ಬೇಡ, ಉರುಳೂ ಬೇಡ. ಕೃಷ್ಣಮೃಗ ದೇಶದ ಅತಿ ವೇಗದ ಓಟಗಾರರಲ್ಲಿ ಒಂದು. ಆದರೆ ಆ ವೇಗಕ್ಕೆ ಗಟ್ಟಿ ನೆಲ ಬೇಕು. ಮಳೆಯಲ್ಲಿ ನೆಲ ಕೆಸರಾದರೆ ಅದರ ಚೂಪು ಗೊರಸು ಹೂತುಹೋಗುತ್ತದೆ. ರಾಜಸ್ಥಾನದ ಜೋಧಪುರ ಸುತ್ತಮುತ್ತ ಮಳೆಗಾಲದಲ್ಲಿ ಹೀಗೆ ಕೆಸರಿಗೆ ಸಿಕ್ಕ ಕೃಷ್ಣಮೃಗ, ಚಿಂಕಾರಗಳನ್ನು ಊರ ನಾಯಿಗಳು ಅಟ್ಟಿಸಿ ಕೊಲ್ಲುವುದು ಪ್ರತಿವರ್ಷದ ಗೋಳು. ಗಾಯಗೊಂಡ ಪ್ರಾಣಿಗಳನ್ನು ಎತ್ತಿ ತಂದು ಆರೈಕೆ ಮಾಡುವ ಬಿಷ್ಣೋಯಿ ಸಮುದಾಯದವರ ಬಗ್ಗೆ ಓದುಗರು ಕೇಳಿರುತ್ತಾರೆ. ನಟ ಸಲ್ಮಾನ್ ಖಾನ್‌ಗೆ 2018ರಲ್ಲಿ ಕೆಳ ನ್ಯಾಯಾಲಯ 5 ವರ್ಷ ಶಿಕ್ಷೆ ವಿಧಿಸಿದ 1998ರ ಪ್ರಕರಣವೂ ಇದೇ ಜೋಧಪುರದ್ದು.

ನಮ್ಮಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಿಂದ ಹಿಡಿದು ಗದಗ, ಕೊಪ್ಪಳದ ಬಯಲುಗಳವರೆಗೆ ಕೃಷ್ಣಮೃಗ ಓಡಾಡುವ ನೆಲದಲ್ಲಿ ಎರೆ ಭೂಮಿಯ ಪಾಲು ದೊಡ್ಡದು. ಮಳೆ ಬಿದ್ದ ಎರೆ ಹೊಲದಲ್ಲಿ ಮನುಷ್ಯನೇ ಎರಡು ಹೆಜ್ಜೆ ಇಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಓಡಿ ಬದುಕುವ ಪ್ರಾಣಿಯ ಪಾಡು ಹೇಳುವುದೇ ಬೇಡ.

ಅಂದಹಾಗೆ, ಆಡುಮಾತಿನಲ್ಲಿ ಎಲ್ಲವನ್ನೂ ಜಿಂಕೆ ಎಂದರೂ ಕೃಷ್ಣಮೃಗ, ಚಿಂಕಾರ, ಕೊಂಡಕುರಿ ಜಿಂಕೆ ಜಾತಿಗೆ ಸೇರಿದವಲ್ಲ. ಜಿಂಕೆ, ಕಡವೆ, ಕಾಡುಕುರಿಗಳಲ್ಲಿ ಗಂಡಿನ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ಕೊಂಬು ಒಮ್ಮೆ ಬೆಳೆದರೆ ಜೀವಮಾನವಿಡೀ ಇರುತ್ತದೆ.

ಚೆನ್ನೈ ನಗರದೊಳಗೂ ಜಿಂಕೆ

ನುಂಗಂಬಾಕ್ಕಂನಿಂದ ಹತ್ತು ಕಿಲೋಮೀಟರ್ ಒಳಗೇ ಗಿಂಡಿ ರಾಷ್ಟ್ರೀಯ ಉದ್ಯಾನವಿದೆ. ಸುಮಾರು 2.7 ಚದರ ಕಿಲೋಮೀಟರ್‌ನ ಈ ಕಾಡು ಮಹಾನಗರದ ನಟ್ಟನಡುವೆ ಉಳಿದುಕೊಂಡಿದೆ. ಬ್ರಿಟಿಷರ ಕಾಲದಲ್ಲಿ ಬೇಟೆಗೆ ಮೀಸಲಾಗಿದ್ದ ಕಾಡಿದು. 1910ರಲ್ಲಿ ಮೀಸಲು ಅರಣ್ಯವಾದಾಗ ಇದರ ವಿಸ್ತೀರ್ಣ 505 ಹೆಕ್ಟೇರ್ ಇತ್ತು. ರಾಜಭವನ, ಐಐಟಿ ಮದ್ರಾಸ್, ಸ್ಮಾರಕಗಳು ಎಂದು ಭಾಗವಾಗುತ್ತಾ ಬಂದು ಅರ್ಧದಷ್ಟು ಉಳಿದಿದೆ. ಚುಕ್ಕೆ ಜಿಂಕೆ, ಕೃಷ್ಣಮೃಗ ಎರಡೂ ಇಲ್ಲಿವೆ, ಐಐಟಿ ಆವರಣದಲ್ಲೂ ಓಡಾಡುತ್ತವೆ.

ಇಲ್ಲಿ ಕೋವಿ ಹಿಡಿದವರ ಭಯ ಕಡಿಮೆ. ನಾಯಿ, ವಾಹನ, ಪ್ಲಾಸ್ಟಿಕ್, ಇವೇ ಇಲ್ಲಿನ ಬೇಟೆಗಾರರು. ಜೋರು ಮಳೆಯಲ್ಲಿ ತಗ್ಗು ಜಾಗ ಮುಳುಗಿದಾಗ, ಗೋಡೆ ಕುಸಿದಾಗ ಜಿಂಕೆಗಳು ರಸ್ತೆಗೆ ಬಂದು ಬೀಳುತ್ತವೆ. 2016ರ ಡಿಸೆಂಬರ್ 12ರಂದು ಅಪ್ಪಳಿಸಿದ ವರ್ದಾ ಚಂಡಮಾರುತ ಗಿಂಡಿ ಕಾಡಿನ ಮರಗಳನ್ನು ರಾಶಿ ರಾಶಿಯಾಗಿ ಉರುಳಿಸಿತ್ತು. ಐಐಟಿ ಆವರಣದಲ್ಲಿ ಜಿಂಕೆಗಳನ್ನು ಉಳಿಸಬೇಕೋ, ನಾಯಿಗಳನ್ನು ಉಳಿಸಬೇಕೋ ಎಂಬ ಜಗಳ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿದ್ದೂ ಉಂಟು.

ಹಿಂದೆ ಮಳೆಗಾಲ ಎಂದರೆ ಬೇಟೆಗೆ ರಜೆ

ಬೇಟೆ ನಮ್ಮ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳ ಪಟ್ಟಿಯಲ್ಲಿ ಬೇಟೆಗೂ ಜಾಗವಿದೆ. ಕೊಡಗಿನಲ್ಲಿ ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬ ಹುಟ್ಟಿದ್ದೇ ಮಳೆಯ ಲೆಕ್ಕದಲ್ಲಿ. ಮಳೆಯಲ್ಲಿ ನಾಟಿ ಕೆಲಸ ಮುಗಿಯುವವರೆಗೆ ಕೋವಿ ಕೆಳಗಿಡುವುದು, ನಾಟಿ ಮುಗಿದ ಮೇಲೆ ಆಯುಧ ಪೂಜೆ ಮಾಡಿ ಬೇಟೆಗೆ ಹೊರಡುವುದು ಹಿಂದಿನ ಪದ್ಧತಿ. ಈಗ ಬೇಟೆ ಇಲ್ಲ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಉಳಿದಿದೆ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದೆ. ಆದರೆ ಆ ವಿನಾಯಿತಿ ಕೋವಿಗೆ ಮಾತ್ರ, ಬೇಟೆಗಲ್ಲ.

ಬ್ರಿಟಿಷರೂ ಬೇಟೆಗೆ ಋತು ಗೊತ್ತುಮಾಡಿದ್ದರು. ಮನಬಂದಂತೆ ಹೊಡೆದು ನೀಲಗಿರಿಯ ಕಾಡು ಬರಿದಾಗತೊಡಗಿದಾಗ ಮದ್ರಾಸ್ ಸರ್ಕಾರ 1879ರಲ್ಲಿ ನೀಲಗಿರಿ ಬೇಟೆ ಮತ್ತು ಮೀನು ಸಂರಕ್ಷಣಾ ಕಾಯ್ದೆ ತಂದಿತು. ವರ್ಷದ ಕೆಲವು ತಿಂಗಳು ಬೇಟೆ ಬಂದ್ ಎಂಬ ನಿಯಮ ಹೀಗೆ ಬಂತು. ಬೇಟೆಗಾರರೇ ಬೇಟೆ ಉಳಿಸಿಕೊಳ್ಳಲು ಮಾಡಿಕೊಂಡ ಏರ್ಪಾಡು ಅದು, ಪ್ರಾಣಿಯ ಮೇಲಿನ ಕರುಣೆಯಿಂದ ಬಂದದ್ದಲ್ಲ. ಚುಕ್ಕೆ ಜಿಂಕೆಗೆ ಇಂಥ ರಜೆಯಿಂದ ಆಗುವ ಉಪಕಾರವೂ ಅಷ್ಟಕ್ಕಷ್ಟೆ. ಅದು ಇಂಥದ್ದೇ ತಿಂಗಳಲ್ಲಿ ಮರಿ ಹಾಕಬೇಕೆಂಬ ನಿಯಮವಿಲ್ಲ, ವರ್ಷದ ಯಾವ ತಿಂಗಳಲ್ಲಿ ಹೊಡೆದರೂ ಗಬ್ಬದ ಜಿಂಕೆಗೋ, ಮರಿ ಇರುವ ತಾಯಿಗೋ ಗುಂಡು ಬೀಳಬಹುದು.

ಈಗಿನ ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ದಿನವೇ ಬೇಟೆ ಪೂರ್ತಿ ನಿಂತಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಹೊಡೆಯಲು ಆಗಲೂ ಅವಕಾಶವಿತ್ತು. ಅದನ್ನು ತೆಗೆದುಹಾಕಿದ್ದು 1991ರ ತಿದ್ದುಪಡಿ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಚುಕ್ಕೆ ಜಿಂಕೆ ಎರಡನೇ ಪರಿಚ್ಛೇದದಲ್ಲಿದೆ, ಕೃಷ್ಣಮೃಗ ಅತಿ ಹೆಚ್ಚು ರಕ್ಷಣೆಯ ಮೊದಲನೇ ಪರಿಚ್ಛೇದದಲ್ಲಿದೆ.

ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮೊದಲನೇ ಪರಿಚ್ಛೇದದ ಪ್ರಾಣಿಯಾದರೆ, ಅಥವಾ ಯಾವುದೇ ಪ್ರಾಣಿಯನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಹೊಡೆದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು ಮತ್ತು ಕನಿಷ್ಠ 25 ಸಾವಿರ ರೂಪಾಯಿ ದಂಡ. ಅಂದರೆ ಹೊಲದ ಬದುವಿನಲ್ಲಿ ಜಿಂಕೆ ಕೊಂದರೆ ಒಂದು ಶಿಕ್ಷೆ, ಅದೇ ಜಿಂಕೆಯನ್ನು ಬಂಡೀಪುರದೊಳಗೆ ಕೊಂದರೆ ಇನ್ನೊಂದು.

'ಬೇಟೆ' ಎಂಬ ಪದದ ಅರ್ಥವೂ ಕಾಯ್ದೆಯಲ್ಲಿ ವಿಶಾಲ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಳು ಹಾಕುವುದು, ವಿಷ ಇಡುವುದು, ಅಟ್ಟಿಸಿಕೊಂಡು ಹೋಗುವುದು, ಗಾಯಗೊಳಿಸುವುದು, ಇದಕ್ಕೆಲ್ಲ ಪ್ರಯತ್ನಿಸುವುದು ಕೂಡ ಬೇಟೆಯೇ. ಮಾಂಸ ಇಟ್ಟುಕೊಂಡವನ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. ಅದು ಅಕ್ರಮವಲ್ಲ ಎಂದು ಸಾಬೀತು ಮಾಡುವ ಹೊಣೆ ಅವನದೇ. 'ನಾನು ಹೊಡೆದಿಲ್ಲ, ಯಾರೋ ಕೊಟ್ಟರು' ಎಂಬ ಮಾತು ನಡೆಯುವುದಿಲ್ಲ. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಜಿಂಕೆಯನ್ನು ಹೊತ್ತೊಯ್ದರೂ ಪ್ರಕರಣ ದಾಖಲಾಗುತ್ತದೆ. ಬೆಳೆ ತಿಂದಿತೆಂದು ಕೊಲ್ಲುವ ಹಕ್ಕು ರೈತನಿಗಿಲ್ಲ, ಅರಣ್ಯ ಇಲಾಖೆಯಿಂದ ಬೆಳೆ ಪರಿಹಾರ ಕೇಳುವ ದಾರಿ ಇದೆ. ಆ ಪರಿಹಾರ ಎಷ್ಟು, ಯಾವಾಗ ಕೈಸೇರುತ್ತದೆ ಎಂಬುದು ಕಾಡಂಚಿನ ರೈತರ ಹಳೆಯ ದೂರು, ಅದರಲ್ಲಿ ಹುರುಳಿಲ್ಲದೆ ಇಲ್ಲ.

ಕೋವಿ ಎರಡೂ ಕಡೆ ಇದ್ದಾಗ

ಜಿಂಕೆ ಬೇಟೆ ಎರಡು ರಾಜ್ಯಗಳ ನಡುವಿನ ಬಿಕ್ಕಟ್ಟಾಗಿ ಬೆಳೆದ ಉದಾಹರಣೆಯೂ ಇದೆ. 2023ರ ಫೆಬ್ರುವರಿಯಲ್ಲಿ ಪಾಲಾರ್ ಹೊಳೆ ಕಾವೇರಿಗೆ ಸೇರುವ ಗಡಿಭಾಗದಲ್ಲಿ ರಾತ್ರಿ ಗಸ್ತಿನಲ್ಲಿದ್ದ ಕರ್ನಾಟಕದ ಅರಣ್ಯ ಸಿಬ್ಬಂದಿ ಗುಂಡು ಹಾರಿಸಿದರು. ಜಿಂಕೆ ಬೇಟೆಗೆ ಬಂದಿದ್ದ ಗುಂಪು ಎಂಬುದು ಇಲಾಖೆಯ ಹೇಳಿಕೆ. ಕೆಲ ದಿನಗಳಲ್ಲಿ ತಮಿಳುನಾಡಿನ ಸೇಲಂ ಜಿಲ್ಲೆಯ ಗೋವಿಂದಪಾಡಿಯ ವ್ಯಕ್ತಿಯೊಬ್ಬರ ಶವ ನೀರಿನಲ್ಲಿ ಸಿಕ್ಕಿತು. ಅವರು ಮೀನು ಹಿಡಿಯಲು ಹೋಗಿದ್ದವರು ಎಂದು ಕಡೆಯವರು ವಾದಿಸಿದರು. ಗಡಿಯಲ್ಲಿ ಉದ್ವಿಗ್ನತೆ ಉಂಟಾಗಿ ಆ ಮಾರ್ಗದ ಬಸ್ ಸಂಚಾರವೇ ನಿಂತಿತು. ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಘಟನೆಯನ್ನು ಖಂಡಿಸಿ ಕುಟುಂಬಕ್ಕೆ ಪರಿಹಾರ ಘೋಷಿಸಿದರು. ಅದು ಮಳೆಗಾಲವಲ್ಲ. ಆದರೆ ಹೊಳೆಯೇ ಗಡಿ, ಹೊಳೆಯೇ ದಾರಿ ಆಗಿರುವ ಕಡೆ ಕತ್ತಲಲ್ಲಿ ಎದುರಾಗುವ ಎರಡು ಗುಂಪುಗಳ ನಡುವೆ ಏನಾಗಬಹುದು ಎಂಬುದನ್ನು ಅದು ತೋರಿಸಿತು.

ಗಸ್ತು ತಿರುಗುವವರ ಬದುಕೂ ಸುಖದ್ದಲ್ಲ. ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಇರುವ ಕಾವಲುಗಾರರಲ್ಲಿ ಅನೇಕರು ಹೊರಗುತ್ತಿಗೆ ನೌಕರರು, ಸುತ್ತಲಿನ ಹಾಡಿ, ಹಳ್ಳಿಗಳವರು. ಮಳೆಗಾಲದಲ್ಲಿ ಜೀಪು ಹೋಗುವ ದಾರಿ ಕೆಸರಾಗಿ ಮುಚ್ಚಿಹೋಗುತ್ತದೆ, ಹಳ್ಳ ತುಂಬಿದರೆ ಶಿಬಿರಕ್ಕೆ ದಿನಸಿ ತಲುಪುವುದೂ ಕಷ್ಟ. ಹುಲ್ಲು ಆಳೆತ್ತರ ಬೆಳೆದಿರುತ್ತದೆ, ಆನೆ ಎದುರಾದರೂ ಹತ್ತು ಮಾರು ದೂರದವರೆಗೆ ತಿಳಿಯುವುದಿಲ್ಲ. ಬಂಡೀಪುರದ ರಾಣಾನಂಥ ಪಳಗಿದ ಪತ್ತೆ ನಾಯಿಗಳಿಗೂ ರಾತ್ರಿಯಿಡೀ ಸುರಿದ ಮಳೆಯ ನಂತರ ವಾಸನೆ ಹಿಡಿಯುವುದು ಸುಲಭವಲ್ಲ. ಇಷ್ಟಾದರೂ ಒಂದು ಅನುಕೂಲವಿದೆ. ಹಸಿ ಮಣ್ಣು ಜಿಂಕೆಯ ಜಾಡನ್ನು ತೋರಿಸುವಂತೆ ಬೇಟೆಗಾರನ ಹೆಜ್ಜೆಯನ್ನೂ ತೋರಿಸುತ್ತದೆ. ಬರಿಗಾಲೋ, ಬೂಟೋ, ಹೋದವರು ಎಷ್ಟು ಮಂದಿ, ಹೊರೆ ಹೊತ್ತು ವಾಪಸಾದರೋ ಎಂಬುದನ್ನು ಅನುಭವಿ ವಾಚರ್‌ಗಳು ಓದಬಲ್ಲರು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮಳೆಗಾಲದ ವಿಶೇಷ ಗಸ್ತಿಗೆ ಒತ್ತು ಕೊಡುವುದು, ಉತ್ತರಾಖಂಡದ ಕಾರ್ಬೆಟ್‌ನಲ್ಲಿ 'ಆಪರೇಷನ್ ಮಾನ್ಸೂನ್' ಹೆಸರಲ್ಲಿ ಕಾವಲು ಬಿಗಿಗೊಳಿಸುವುದು ಇದೇ ಕಾರಣಕ್ಕೆ.

ಕಾವಲು ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಜೀವಿ ಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷ ಹಾಕಿದ ಹಸುವಿನ ಮಾಂಸ ತಿಂದು ಸತ್ತವು. ಅಲ್ಲಿನ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳವೇ ಆಗಿರಲಿಲ್ಲ ಎಂಬುದು ಆಗ ಬೆಳಕಿಗೆ ಬಂತು. ಸಂಬಳವಿಲ್ಲದೆ ಮಳೆಯಲ್ಲಿ ನೆನೆದು ಗಸ್ತು ತಿರುಗಿ ಎಂದು ಯಾರನ್ನು ಯಾವ ಮುಖದಿಂದ ಕೇಳುವುದು?

ಒಂದೆರಡು ಜಿಂಕೆ ಹೋದರೆ ಏನಾಯಿತು?

ಕಾಡಂಚಿನಲ್ಲಿ ಈ ಪ್ರಶ್ನೆ ಸಾಮಾನ್ಯ. ನಾಗರಹೊಳೆಯಲ್ಲಿ ದಶಕಗಳ ಕಾಲ ಅಧ್ಯಯನ ಮಾಡಿದ ಕೆ. ಉಲ್ಲಾಸ ಕಾರಂತ ಇದಕ್ಕೆ ಲೆಕ್ಕದಲ್ಲೇ ಉತ್ತರ ಕೊಟ್ಟಿದ್ದಾರೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬಲಿಪ್ರಾಣಿ ಬೇಕು. ಕಾಡಿನ ಜಿಂಕೆ ಸಂಖ್ಯೆ ಕುಸಿಯದೆ ಅಷ್ಟು ಸಿಗಬೇಕಾದರೆ ಆ ಹುಲಿಯ ವ್ಯಾಪ್ತಿಯಲ್ಲಿ ಸುಮಾರು 500 ಪ್ರಾಣಿಗಳಾದರೂ ಇರಬೇಕು. ಹುಲಿಗಳನ್ನು ಯಾರೂ ಮುಟ್ಟದಿದ್ದರೂ ಜಿಂಕೆ, ಕಡವೆ, ಕಾಡೆಮ್ಮೆಗಳ ಮಾಂಸ ಬೇಟೆ ಮುಂದುವರಿದರೆ ಹುಲಿಗೆ ಉಳಿಗಾಲವಿಲ್ಲ. ಹಸಿದ ಹುಲಿ, ಚಿರತೆ ಮುಂದೆ ಹೋಗುವುದು ಕೊಟ್ಟಿಗೆಗೆ. ಹಸು ಕಳೆದುಕೊಂಡವನು ಕೊಳೆತ ಹೆಣಕ್ಕೆ ವಿಷ ಸುರಿಯುತ್ತಾನೆ.

ಮಳೆಯಲ್ಲಿ ಜಿಂಕೆ ಊರಿಗೆ ಬಂದರೆ

ನೆರೆ, ಗಾಳಿ, ನಾಯಿಗಳಿಗೆ ಹೆದರಿ ಜಿಂಕೆ ಮನೆ, ಶಾಲೆಗಳ ಆವರಣಕ್ಕೆ ನುಗ್ಗುವುದು ಚೆನ್ನೈನಲ್ಲೂ ಇದೆ, ಕಾಡಂಚಿನ ಊರುಗಳಲ್ಲೂ ಇದೆ. ಆಗ ಅಟ್ಟಿಸಿಕೊಂಡು ಹೋಗಬಾರದು, ಹಗ್ಗ ಹಾಕಿ ಹಿಡಿಯಲು ನೋಡಬಾರದು. ಬೆದರಿದ ಜಿಂಕೆ ಗಾಯವಿಲ್ಲದಿದ್ದರೂ ಆಘಾತದಿಂದಲೇ ಸಾಯಬಲ್ಲದು. ಜನರನ್ನು, ನಾಯಿಗಳನ್ನು ದೂರ ಸರಿಸಿ, ಸಾಧ್ಯವಾದರೆ ಗೇಟು ಮುಚ್ಚಿ, ಮೊಬೈಲ್ ಬೆಳಕು ಬಿಡದೆ ಕಾಯಬೇಕು. ಮರಿಯೊಂದೇ ಮಲಗಿದ್ದರೆ ಅನಾಥವೆಂದು ಎತ್ತಿ ತರಬಾರದು. ತಾಯಿ ಮೇಯಲು ಹೋಗುವಾಗ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ಹೋಗುವುದು ರೂಢಿ. ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ಹೊಲದ ಬೇಲಿಯಲ್ಲಿ ಅನುಮಾನದ ಕುಣಿಕೆ ಕಂಡರೂ, ಮಳೆ ಬಿಟ್ಟ ರಾತ್ರಿ ಕಾಡಿನ ಕಡೆಯಿಂದ ಗುಂಡಿನ ಸದ್ದು ಕೇಳಿದರೂ ಇದೇ ಸಂಖ್ಯೆಗೆ ತಿಳಿಸಬಹುದು.